ರಾತ್ರಿ ಮರಿ ಕೂಗಿದರೆ ಏಳೋರು ಯಾರು?

ಕೊಪ್ಪಳ, ಕುಷ್ಟಗಿ ಕಡೆಯ ಕುರಿಗಾರರ ಮನೆಗಳಿಂದ ಆಪ್ತಸಲಹೆಗೆ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳದು ಹೆಚ್ಚುಕಡಿಮೆ ಒಂದೇ ಕಥೆ. ಮನೆಯವರೇ ಕರೆತರುತ್ತಾರೆ. "ಸಿಟ್ಟು ಜಾಸ್ತಿ ಆಗೈತ್ರಿ, ಮಕ್ಕಳಿಗೆ ಹೊಡಿತಾಳ, ಸುಮ್ನ ಕುಂತು ಅಳ್ತಾಳ" ಅನ್ನುತ್ತಾರೆ. ಅಷ್ಟೊತ್ತಿಗೆ ದೇವರು ಕೇಳಿಸಿಯೂ ಆಗಿರುತ್ತದೆ, ನಿದ್ದೆ ಗುಳಿಗೆ ಕೊಡಿಸಿಯೂ ಆಗಿರುತ್ತದೆ. ಅವುಗಳಲ್ಲಿ ಈ ಪ್ರಕರಣವನ್ನೇ ಬರೆಯಲು ಕಾರಣವಿದೆ. ನಾನು ಕೊಟ್ಟ ಸಲಹೆ ಕೇಳಿ ನನ್ನ ಜೊತೆ ಕೆಲಸ ಮಾಡುವವರೇ ನಕ್ಕರು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಮೂವತ್ತರ ಆಸುಪಾಸು. ಗಂಡ, ಅತ್ತೆ, ಇಬ್ಬರು ಮಕ್ಕಳು, ಅರವತ್ತರಷ್ಟು ಕೆಂಗುರಿ, ಸ್ವಲ್ಪ ಮಳೆಯಾಶ್ರಿತ ಹೊಲ. ಗಂಡ ದಿನಾ ಕುರಿ ಹೊಡೆದುಕೊಂಡು ಹೋಗುತ್ತಾನೆ. ಭತ್ತದ ಕಟಾವು ಮುಗಿದ ಮೇಲೆ ಕಾರಟಗಿ, ಸಿಂಧನೂರು ಕಡೆ ಹೊಲಗಳಲ್ಲಿ ಕುರಿ ತರುಬಲು, ಅಂದರೆ ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸಲು, ವಾರಗಟ್ಟಲೆ ಹೋಗುತ್ತಾನೆ. ಮರಿಗಳು, ರೋಗದ ಕುರಿಗಳು ಮನೆಯಲ್ಲಿ ಆಕೆಯ ಪಾಲಿಗೆ.

ಮೂವರನ್ನೂ ಕೂರಿಸಿಕೊಂಡ ದಿನ ಗಂಡನಿಗೆ ಒಂದೇ ಮಾತು ಕೇಳಿದೆ. ನಿಮ್ಮ ಹೆಂಡತಿಯ ಒಂದು ದಿನ ಹೇಗಿರುತ್ತೆ, ಹೇಳಿ.

"ಏಳ್ತಾಳ, ಕಸ ಹೊಡಿತಾಳ, ರೊಟ್ಟಿ ಮಾಡ್ತಾಳ, ಮರಿ ನೋಡ್ಕೋತಾಳ, ಮಕ್ಕೋತಾಳ. ಕುರಿ ಕಾಯೋದು ನಾನರಿ ಮೇಡಂ."

"ಮರಿ ನೋಡ್ಕೊಳ್ಳೋದು ಅಂದ್ರೆ ಏನೇನು?"

ಆತ ಹೆಂಡತಿಯ ಮುಖ ನೋಡಿದ. ಆಕೆ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಅತ್ತೆ, ಸೊಸೆಯ ಮೇಲೆ ದೂರು ಹೊತ್ತು ತಂದಿದ್ದ ಅದೇ ಅತ್ತೆ. ಕುರಿ ಕೂಡುವ ದಡ್ಡಿ ಬಳಿದು ಕುರಿಹಿಕ್ಕಿ ತಿಪ್ಪೆಗೆ ಹಾಕಬೇಕು. ಮರಿಗಳಿಗೆ ಶೇಂಗಾ ಹೊಟ್ಟು, ನೀರು ಇಡಬೇಕು. ಕುಂಟುವ ಕುರಿಯ ಗೊರಸಿಗೆ ಔಷಧಿ ಹಚ್ಚಬೇಕು. ಸಂಜೆ ಕುರಿ ಬಂದ ಮೇಲೆ ಮರಿ ಬಿಡಬೇಕು. ಅರ್ಧ ಮರಿಗಳಿಗೆ ತಾಯಿ ಸಿಗುವುದಿಲ್ಲ, ಹುಡುಕಿ ಕೂಡಿಸಬೇಕು. ಚೊಚ್ಚಲು ಈದ ಕುರಿ ಮರಿಗೆ ಒದೆಯುತ್ತದೆ. ಅದನ್ನು ಹಿಡಿದು ಕೂತು ಕುಡಿಸಬೇಕು. ತಬ್ಬಲಿ ಮರಿಗೆ ಬಾಟಲಿ ಹಾಲು. ಎಲ್ಲ ಹೇಳಿ ಮುದುಕಿ ಮಗನ ಕಡೆ ತಿರುಗಿದಳು. "ರಾತ್ರಿ ಮರಿ ಕೂಗಿದ್ರ ಏಳೋರು ಯಾರಲೇ? ನಿಮ್ಮಪ್ಪ ಒಂದಿನಾನೂ ಎದ್ದಿಲ್ಲ. ನೀನೂ ಎದ್ದಿಲ್ಲ."

ಆಮೇಲೆ ಸೊಸೆ ಮಾತಾಡಿದಳು. "ಕುರಿಗೆ ಜ್ವರ ಬಂದ್ರ ಡಾಕ್ಟ್ರಿಗೆ ಫೋನ್ ಹೋಗತೈತ್ರಿ. ನನಗ ಬಂದ್ರ, ಇವತ್ತ ಮರಿ ಯಾರು ನೋಡ್ತಾರ ಅಂತಾರ."

ಜ್ವರದ ಸಂಗತಿ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕೆದಕಿ ಕೇಳಿದೆ. ಬಂದು ಬಂದು ಹೋಗುವ ಜ್ವರ, ಕೀಲುನೋವು, ರಾತ್ರಿ ಬೆವರು. ಕುರಿ ಕಂದು ಹಾಕಿದಾಗ, ಅಂದರೆ ಗರ್ಭಪಾತ ಆದಾಗ, ಬರಿಗೈಯಲ್ಲೇ ಎಲ್ಲ ತೆಗೆದಿದ್ದಾಳೆ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಕುರಿಯಿಂದ ಮನುಷ್ಯರಿಗೆ ಹೀಗೂ ಬರುತ್ತದೆ. ಜ್ವರ, ಸುಸ್ತು, ಮಂಕು ಎಲ್ಲ ಒಟ್ಟಿಗೆ ಬರಬಹುದು. ಕುರಿಗಾರರ ಮನೆಯವರನ್ನು ಇದನ್ನು ಕೇಳದೆ "ಮನಸ್ಸಿನ ಕಾಯಿಲೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದೆ. ಕಂದು ರೋಗ ಇರಲಿಲ್ಲ. ಆದರೆ ಹಿಮೋಗ್ಲೋಬಿನ್ ತೀರಾ ಕಡಿಮೆ. ಬಸುರಿಯಲ್ಲದ ಹೆಂಗಸರಿಗೆ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ, ಆಕೆಯದು ಅದಕ್ಕಿಂತ ಬಹಳ ಕೆಳಗಿತ್ತು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಅದನ್ನು ಚಹಾದ ಜೊತೆ ನುಂಗಬೇಡ ಎಂದು ಮಾತ್ರ ನಾನು ಹೇಳಿದೆ. ನಮ್ಮ ಕಡೆ ಹಾಗೆ ನುಂಗುವವರೇ ಜಾಸ್ತಿ.

ಆಕೆಯೊಬ್ಬಳೇ ಇದ್ದಾಗ ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಒಂದೆರಡು ಸಲ ಅನ್ನಿಸಿತ್ತಂತೆ. ಹಾಗಾಗಿ ಸುಸ್ತು ಎಂದು ಬಿಡಲಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಆಕೆಯ ಫೋನಿನಲ್ಲೇ ಹಾಕಿಕೊಟ್ಟೆ. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳಿಗೆ ಬೀಗ ಹಾಕಿ ಕೀಲಿ ಅತ್ತೆಯ ಹತ್ತಿರ ಇರಲಿ ಅಂದೆ.

ಇನ್ನು ನಗು ತರಿಸಿದ ಸಲಹೆ. ರೆಸ್ಟ್ ತಗೊಳ್ಳಿ ಎಂದು ನಾನು ಹೇಳಲಿಲ್ಲ. ಅರವತ್ತು ಕುರಿ ಇರುವ ಮನೆಯಲ್ಲಿ ಅದು ಬರೀ ಬಾಯಿಮಾತು. ಕುರಿ ಮಾರಿಬಿಡಿ ಎಂದೂ ಹೇಳಲಿಲ್ಲ. ಮಕ್ಕಳ ಶಾಲೆ ನಡೆಯುತ್ತಿರುವುದೇ ಮರಿ ಮಾರಿದ ದುಡ್ಡಲ್ಲಿ, ಆಕೆಗೂ ಕುರಿ ಬಿಡುವ ಮನಸ್ಸಿರಲಿಲ್ಲ. ಗಂಡನಿಗೆ ಹೇಳಿದ್ದು ಇಷ್ಟು: ಪಶುವೈದ್ಯರನ್ನು ಕೇಳಿ ಟಗರನ್ನು ಬೇರೆ ಕಟ್ಟಿ. ಅವರು ಹೇಳಿದ ಹೊತ್ತಿಗೆ ಒಂದೂವರೆ ತಿಂಗಳು ಮಾತ್ರ ಹಿಂಡಿಗೆ ಬಿಡಿ. ಕುರಿಯ ಗಬ್ಬ ಸುಮಾರು 150 ದಿನ. ಈಯುವುದೆಲ್ಲ ಒಂದೇ ಹೊತ್ತಿಗೆ ಬರುತ್ತದೆ. ಆಗ ನೀವು ಮನೆಯಲ್ಲಿರಬೇಕು, ರಾತ್ರಿ ನೀವೇ ಏಳಬೇಕು.

"ಟಗರು ಕಟ್ಟಿಹಾಕೋದೂ ಆಪ್ತಸಲಹೆನಾ?" ಎಂದು ಜೊತೆಯಲ್ಲಿ ಕೆಲಸ ಮಾಡುವವರು ಕೇಳಿದರು. ಹೌದು. ವರ್ಷವಿಡೀ ಯಾವಾಗ ಬೇಕಾದರೂ ಮರಿ ಹುಟ್ಟುವ ಮನೆಯಲ್ಲಿ ಆಕೆಗೆ ಒಂದು ತಿಂಗಳೂ ನೆಟ್ಟಗೆ ನಿದ್ದೆ ಇರಲಿಲ್ಲ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಬಹುದಿತ್ತು. ಅದನ್ನು ಆಕೆ ಯಾವ ಹೊತ್ತಲ್ಲಿ ಮಾಡಬೇಕಿತ್ತು?

ಇನ್ನೊಂದು ಮಾತಿಗೆ ಗಂಡ ಇದಕ್ಕಿಂತ ಜಾಸ್ತಿ ತಕರಾರು ತೆಗೆದ. ಹಿಕ್ಕಿ ಗೊಬ್ಬರ ಮಾರಿದ ದುಡ್ಡು ಆಕೆಯ ಕೈಗೆ ಹೋಗಲಿ ಅಂದಿದ್ದೆ. ರಾತ್ರಿ ಏಳಲು ಒಪ್ಪಿದವನು ಇದಕ್ಕೆ ಒಪ್ಪಲಿಲ್ಲ.

ಈ ಸಲ ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಹಲವು ರಾತ್ರಿ ಆತ ಎದ್ದ, ಕೆಲವು ರಾತ್ರಿ ಮುದುಕಿ ಎಬ್ಬಿಸಿದಳು. ಈಯಿಸುವಾಗ ಕೈಗವಸು ಬಂದಿದೆ. ಆಕೆಗೆ ನಿದ್ದೆ ಹತ್ತುತ್ತಿದೆ, ಮನೋವೈದ್ಯರ ಗುಳಿಗೆ ಇನ್ನೂ ನಡೆದಿದೆ. ಗೊಬ್ಬರದ ದುಡ್ಡಿನ ಮಾತು ಬಗೆಹರಿದಿಲ್ಲ. ಮುಂದಿನ ಸಲ ಅತ್ತೆಯನ್ನೂ ಕೂರಿಸಿಕೊಂಡು ಅದನ್ನೇ ಎತ್ತಬೇಕು.