ಡ್ಯಾಮ್ ತುಂಬದಿದ್ರೂ ಮೆಸೇಜ್ ಬರ್ತೈತಿ

ಪ್ರಶ್ನೆ: ಸರ್ರ, ಆಲಮಟ್ಟಿ ಡ್ಯಾಮಿನ ದಿನದ ಮಟ್ಟ ಒಂದ್ ಫೈಲಿನ್ಯಾಗ ಬರದಿಡ್ತೀನ್ರಿ. ಪೂರ್ತಿ ಮಟ್ಟ 519.60 ಮೀಟರ್ ಅಲ್ರಿ, ಅದಕ್ಕ 519.00 ದಾಟಿದ ಕೂಡ್ಲೇ ಮೆಸೇಜ್ ಬರ್ಲಿ ಅಂತ ಬ್ಯಾಶ್ (ಲಿನಕ್ಸಿನ ಕಮಾಂಡ್ ಭಾಷೆ) ಸ್ಕ್ರಿಪ್ಟ್ ಮಾಡೀನಿ. ಇಫ್ ಒಳಗ ಸಿಂಗಲ್ ಚೌಕ ಬ್ರಾಕೆಟ್, ಗ್ರೇಟರ್ ದ್ಯಾನ್ ಚಿಹ್ನೆ. ಮಟ್ಟ 512 ಇದ್ರೂ ಮೆಸೇಜ್ ಬರ್ತೈತಿ, ಎರರ್ ಮಾತ್ರ ಇಲ್ಲ. ಡಬಲ್ ಬ್ರಾಕೆಟ್ ಹಾಕಿದ್ರ ಮಟ್ಟ ಸರಿ ಆತು, ಆದ್ರ ಟಿಎಂಸಿ ಲೆಕ್ಕದಾಗ 98 ಅನ್ನೋದು 120ಕ್ಕಿಂತ ದೊಡ್ಡದು ಅಂತೈತಿ! ಏನ್ರಿ ಇದು?
– ಡಿಪ್ಲೊಮಾ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ತಮ್ಮಾ, ಮೊದ್ಲ ಆ ಫೋಲ್ಡರಿನ್ಯಾಗ ಎಲ್ಎಸ್ (ಫೈಲ್ ಪಟ್ಟಿ ತೋರಿಸೋ ಕಮಾಂಡ್) ಹೊಡಿ. 519.00 ಅನ್ನೋ ಹೆಸರಿನ ಖಾಲಿ ಫೈಲ್ ಒಂದು ಕುಂತಿರ್ತೈತಿ ನೋಡು. ಸಿಂಗಲ್ ಬ್ರಾಕೆಟ್ ಅಂದ್ರ ಅದೂ ಒಂದ್ ಕಮಾಂಡೇ, ಅಲ್ಲಿ ಆ ಚಿಹ್ನೆ ಹೋಲಿಕೆಗಲ್ಲ, ಔಟ್‌ಪುಟ್ ಫೈಲಿಗೆ ಹಾಕು ಅಂತ, ಹಿಂಗಾಗಿ ಬ್ರಾಕೆಟ್ಟಿನೊಳಗ ಉಳಿಯೂದು ನಿನ್ನ ವೇರಿಯಬಲ್ ಒಂದ, ಅದು ಖಾಲಿ ಇಲ್ಲಂದ್ರ ಉತ್ತರ ಯಾವಾಗ್ಲೂ ಟ್ರೂ. ಎರರ್ ಬರದ ತಪ್ಪು ಎರರ್ ಬರೂದಕ್ಕಿಂತ ಕೆಟ್ಟದ್ದು.

ಡಬಲ್ ಬ್ರಾಕೆಟ್ಟಿನ್ಯಾಗ ಹೋಲಿಕೆ ಆಗ್ತೈತಿ ಖರೆ, ಆದ್ರ ಡಿಕ್ಷನರಿ ಥರ, ಮೊದಲ ಅಕ್ಷರದಿಂದ. 9 ಅನ್ನೋದು 1ಕ್ಕಿಂತ ಮುಂದೈತಿ, ಮುಗೀತು. ಮಟ್ಟ ಎಲ್ಲಾ ಮೂರಂಕಿ ಇರೋದಕ್ಕ ಹೆಂಗೋ ನಡೀತು ಅಷ್ಟ.

ಅಂಕಿಗೆ ಮೈನಸ್ ಜಿಟಿ, ಎಲ್‌ಟಿ, ಈಕ್ಯೂ (ದೊಡ್ಡದು, ಸಣ್ಣದು, ಸಮ) ಬಳಸು. ಟಿಎಂಸಿ ಪೂರ್ಣಾಂಕ ಇದ್ರ ಸಾಕು. ಆದ್ರ ಪಾಯಿಂಟ್ ಇದ್ರ ಇಂಟಿಜರ್ ಬೇಕು ಅಂತ ಜಗಳ ತಗೀತೈತಿ, ವಿಂಡೋಸಿನ್ಯಾಗ ತುಂಬಿದ ಫೈಲ್ ಇದ್ರೂ ಇದೇ ಕಥಿ, ಲೈನಿನ ಕೊನೀಗೆ ಕಾಣದ ಕ್ಯಾರೇಜ್ ರಿಟರ್ನ್ ಅನ್ನೋ ಅಕ್ಷರ ಇರ್ತೈತಿ, ಡಾಸ್‌ಟುಯೂನಿಕ್ಸ್ ಅನ್ನೋ ಕಮಾಂಡ್ ಓಡಿಸಿ ತಗಿ. ಪಾಯಿಂಟ್ ಕಿತ್ತು 51900 ಮಾಡಿ ಹೋಲಿಸೋರೂ ಅದಾರ, ನನಗ ಅದು ಸೇರಂಗಿಲ್ಲ, ಯಾರರ 519.6 ಅಂತ ಬರದ್ರ 5196 ಆಗಿ ಎಲ್ಲಾ ಕೆಡ್ತೈತಿ. ಪೂರ್ತಿ ಹೋಲಿಕೆ ಡಬಲ್ ಕೋಟ್ಸಿನ್ಯಾಗ ಇಟ್ಟು ಎಕೋ ಮಾಡಿ ಪೈಪಿನಿಂದ bc ಅನ್ನೋ ಕಮಾಂಡಿಗೆ (ಪಾಯಿಂಟ್ ಲೆಕ್ಕಾನೂ ಮಾಡೋ ಕ್ಯಾಲ್ಕುಲೇಟರ್) ಕೊಡು, ಹೌದಂದ್ರ 1, ಅಲ್ಲಂದ್ರ 0 ಕೊಡ್ತೈತಿ. ಕೋಟ್ಸ್ ಬಿಟ್ಟಿ ಅಂದ್ರ ಮತ್ತ ಅದೇ ಖಾಲಿ... ಅಲ್ಲ, ಈ ಸಲ ಎಕೋ ಬರದಿದ್ದು ಆ ಫೈಲಿನ್ಯಾಗ ಹೋಗಿ ಬೀಳ್ತೈತಿ!

ಇನ್ನೊಂದು, ಮಳೆಗಾಲದಾಗಷ್ಟ ಓಡ್ಲಿ ಅಂತ ತಿಂಗಳ ಮ್ಯಾಲ ಕಂಡೀಷನ್ ಹಾಕೋದಿದ್ರ, ಡಬಲ್ ದುಂಡು ಬ್ರಾಕೆಟ್ಟಿನ್ಯಾಗ 07 ನಡೀತೈತಿ, ಆಗಸ್ಟ್ ಬಂದ ಕೂಡ್ಲೇ 08ಕ್ಕ ಎರರ್, ಯಾಕಂದ್ರ ಮುಂದ ಸೊನ್ನೆ ಇದ್ರ ಬ್ಯಾಶ್ ಅದನ್ನ ಆಕ್ಟಲ್ (ಎಂಟರ ಲೆಕ್ಕದ ಅಂಕಿ) ಅಂತ ತಿಳೀತೈತಿ, ಅದರಾಗ 8, 9 ಇಲ್ವೇ ಇಲ್ಲ. ವೇರಿಯಬಲ್ ಮುಂದ, ಡಾಲರ್ ಚಿಹ್ನೆಗಿಂತ ಮೊದ್ಲ, 10 ಬರದು ಒಂದ್ ಹ್ಯಾಶ್ ಹಾಕು, ಆಗ ಸಾದಾ ಹತ್ತರ ಲೆಕ್ಕದ ಅಂಕಿ ಅಂತ ತಿಳೀತೈತಿ.