ಫೀಸು ತಗೊಂಡರೆ ಅದು ಸೇವೆ ಹೇಗಾಗುತ್ತೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಡೆಯಬಹುದಾದ ಕುರುಡುತನ ಮತ್ತು ಅದಕ್ಕಾಗಿ ದುಡಿಯುವ ಸೇವಾ ಸಂಸ್ಥೆಗಳ ಬಗ್ಗೆ. ಉತ್ತರಿಸಿರುವವರು ಹಳ್ಳಿಗಾಡಿನ ಕಣ್ಣಿನ ಆರೈಕೆಯಲ್ಲಿ ತೊಡಗಿರುವ ನೇತ್ರವೈದ್ಯರು.

ಪ್ರಶ್ನೆ: ನಮ್ಮ ಆಫೀಸಿನ ಗೆಳೆಯರೆಲ್ಲ ಸೇರಿ ಅಂಧತ್ವ ತಡೆಯುವ ಒಂದು ಸಂಸ್ಥೆಗೆ ದುಡ್ಡು ಕೊಡೋಣ ಅಂತಿದ್ದೇವೆ. ವಿಚಾರಿಸಿದರೆ, ಆ ಸಂಸ್ಥೆ ನೆರವು ಕೊಡುವ ಆಸ್ಪತ್ರೆ ಎಷ್ಟೋ ರೋಗಿಗಳಿಂದ ಫೀಸು ತಗೊಳ್ಳುತ್ತಂತೆ. ಫೀಸೂ ತಗೊಂಡು ದೇಣಿಗೆಯನ್ನೂ ಕೇಳೋದು ಸರಿನಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಸರಿನೇ. ನನ್ನನ್ನು ಕೇಳಿದರೆ, ಒಂದು ರೂಪಾಯಿ ಫೀಸೂ ಇಲ್ಲದೆ ಪೂರಾ ದೇಣಿಗೆಯ ಮೇಲೇ ನಡೆಯುವ ಆಸ್ಪತ್ರೆ ಕಂಡರೇ ಭಯ ಜಾಸ್ತಿ. ಕೊಡುವವರ ಮನಸ್ಸು ಎರಡು ಮೂರು ವರ್ಷಕ್ಕೆ ಬೇರೆ ಕಡೆ ಹೊರಳುತ್ತದೆ. ಆಗ ಆಪರೇಷನ್ ಥಿಯೇಟರಿಗೆ ಬೀಗ ಬೀಳುತ್ತದೆ. ಕಣ್ಣಿನ ಪೊರೆ ಮಾತ್ರ ಪ್ರತಿ ವರ್ಷ ಹೊಸಬರಿಗೆ ಬರುತ್ತಲೇ ಇರುತ್ತದೆ.

ಮದುರೆಯ ಅರವಿಂದ ಕಣ್ಣಾಸ್ಪತ್ರೆಯನ್ನೇ ನೋಡಿ. ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ 58ನೇ ವಯಸ್ಸಿಗೆ ನಿವೃತ್ತರಾದವರು. ಚಿಕ್ಕ ವಯಸ್ಸಿನಲ್ಲೇ ಬಂದ ಸಂಧಿವಾತಕ್ಕೆ ಕೈಬೆರಳೆಲ್ಲ ಸೊಟ್ಟಗಾಗಿದ್ದವು. ಆ ಬೆರಳಲ್ಲೇ ಸರ್ಜರಿ ಕಲಿತು ಸಾವಿರಾರು ಕಣ್ಣಿನ ಆಪರೇಷನ್ ಮಾಡಿದ್ದರು. 1976ರಲ್ಲಿ ಒಂದು ಮನೆಯಲ್ಲಿ 11 ಹಾಸಿಗೆ ಹಾಕಿ ಆಸ್ಪತ್ರೆ ತೆರೆದರು. ತಂಗಿ ಡಾ. ಜಿ. ನಾಚ್ಚಿಯಾರ್, ಅವರ ಗಂಡ ಡಾ. ಪಿ. ನಂಪೆರುಮಾಳ್‌ಸಾಮಿ ಜೊತೆಗೆ ನಿಂತರು. ಮನೆ ಮಂದಿಯ ಒಡವೆ ಗಿರವಿಗೆ ಹೋಯಿತು.

ಅಲ್ಲಿ ದುಡ್ಡು ಕೊಡುವವರಿಗೆ ಒಂದು ವಿಭಾಗ, ಉಚಿತದವರಿಗೆ ಇನ್ನೊಂದು. ಯಾವ ಕಡೆ ಹೋಗಬೇಕು ಅನ್ನೋದನ್ನು ರೋಗಿಯೇ ತೀರ್ಮಾನ ಮಾಡುತ್ತಾರೆ. ಆದಾಯದ ಪತ್ರ ತನ್ನಿ, ಕಾರ್ಡು ತೋರಿಸಿ ಅಂತ ಯಾರೂ ಕೇಳುವುದಿಲ್ಲ. ದುಡ್ಡು ಕೊಟ್ಟವರಿಗೆ ಮಂಚ, ಬೇಕೆಂದರೆ ಎಸಿ ರೂಮು. ಉಚಿತದ ಕಡೆ ದೊಡ್ಡ ವಾರ್ಡು, ಚಾಪೆ. ಡಾಕ್ಟರುಗಳು ಮಾತ್ರ ಸರದಿಯಂತೆ ಎರಡೂ ಕಡೆ ಕೆಲಸ ಮಾಡುತ್ತಾರೆ. ಇವತ್ತಿಗೂ ಅಲ್ಲಿನ ಆಪರೇಷನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಉಚಿತ ಅಥವಾ ತೀರಾ ಕಡಿಮೆ ದರದವು.

ಬರೀ ಫೀಸಿನಿಂದ ಲೆಕ್ಕ ಕೂಡಿಬರಲ್ಲ. ನಿಜವಾದ ಗುಟ್ಟು ಥಿಯೇಟರಿನೊಳಗಿದೆ. ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಒಂದರಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ಪಕ್ಕದ ಟೇಬಲಿನಲ್ಲಿ ಮುಂದಿನ ರೋಗಿಯ ಕಣ್ಣು ಸ್ವಚ್ಛ ಮಾಡಿ, ಬಟ್ಟೆ ಹೊದಿಸಿ, ಸಲಕರಣೆ ಜೋಡಿಸಿ ಸಿಸ್ಟರುಗಳು ಸಿದ್ಧವಾಗಿರುತ್ತಾರೆ. ಇದು ಮುಗಿಯಿತು ಅಂದರೆ ಸರ್ಜನ್ ಮೈಕ್ರೋಸ್ಕೋಪನ್ನು ಆ ಕಡೆ ತಿರುಗಿಸಿಕೊಂಡರೆ ಆಯಿತು. ಹೀಗಾಗಿ ಅಲ್ಲಿನ ಒಬ್ಬೊಬ್ಬ ಸರ್ಜನ್ ವರ್ಷಕ್ಕೆ 2,000ದ ಆಸುಪಾಸು ಆಪರೇಷನ್ ಮಾಡುತ್ತಾರೆ. ಆ ಸಿಸ್ಟರುಗಳಲ್ಲಿ ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು. ಶಾಲೆ ಮುಗಿಸಿ ಬಂದವರಿಗೆ ಆಸ್ಪತ್ರೆಯೇ ಎರಡು ವರ್ಷ ತರಬೇತಿ ಕೊಡುತ್ತದೆ. ಡಾಕ್ಟರುಗಳ ಹೆಸರು ಎಲ್ಲರಿಗೂ ಗೊತ್ತು, ಆಸ್ಪತ್ರೆ ನಡೆಸುತ್ತಿರುವುದು ಈ ಹುಡುಗಿಯರು.

ಇನ್ನೊಂದು ತೊಡಕು ಲೆನ್ಸಿನದಿತ್ತು. ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಲೆನ್ಸು ಆಗ ಹೊರದೇಶದಿಂದ ಬರಬೇಕಿತ್ತು. ಬೆಲೆ 100 ಡಾಲರ್ ಅಥವಾ ಅದಕ್ಕೂ ಜಾಸ್ತಿ. ಅಷ್ಟು ಕೊಟ್ಟು ಬಡವರಿಗೆ ಉಚಿತವಾಗಿ ಹಾಕೋದು ಸಾಧ್ಯವೇ ಇರಲಿಲ್ಲ. 1992ರಲ್ಲಿ ಮದುರೆಯಲ್ಲೇ ಆರೋಲ್ಯಾಬ್ ಅಂತ ಲೆನ್ಸ್ ತಯಾರಿಸುವ ಘಟಕ ಶುರುವಾಯಿತು. ಅಮೆರಿಕದ ಸೇವಾ ಫೌಂಡೇಶನ್ ಇದಕ್ಕೆ ಕೈಜೋಡಿಸಿತು. ಸಿಡುಬು ನಿರ್ಮೂಲನೆಗೆ ಭಾರತದಲ್ಲಿ ದುಡಿದವರು, ಗೆಳೆಯರ ಜೊತೆ ಸೇರಿ 1978ರಲ್ಲಿ ಕಟ್ಟಿದ ಸಂಸ್ಥೆ ಅದು. ಲೆನ್ಸಿನ ಬೆಲೆ 10 ಡಾಲರ್ ಆಸುಪಾಸಿಗೆ ಇಳಿಯಿತು, ಆಮೇಲೆ ಇನ್ನೂ ಕೆಳಗೆ ಹೋಯಿತು. ಈಗ ಆ ಲೆನ್ಸು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತದೆ.

ದೇಣಿಗೆಯ ಜಾಗ ಇದು. ಶುರುವಿಗೆ ಬೇಕಾದ ಮೆಷಿನ್ನು, ಕಟ್ಟಡ, ತರಬೇತಿಗೆ ಹೊರಗಿನ ದುಡ್ಡು. ದಿನದ ಖರ್ಚು ದಿನದ ದುಡಿಮೆಯಿಂದ. ಕೊಡುವ ಮುಂಚೆ ಆ ಸಂಸ್ಥೆಗೆ ಒಂದು ಪ್ರಶ್ನೆ ಕೇಳಿ ನೋಡಿ: ಐದು ವರ್ಷದ ನಂತರ ನೀವು ಅಲ್ಲಿಂದ ಹೊರಟರೆ ಆಸ್ಪತ್ರೆ ಯಾರ ದುಡ್ಡಿನಲ್ಲಿ ನಡೆಯುತ್ತೆ? ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ಹುಡುಕಿ. ಎಷ್ಟು ಆಪರೇಷನ್ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಆಮೇಲೆ ಎಷ್ಟು ಜನಕ್ಕೆ ಕಣ್ಣು ಚೆನ್ನಾಗಿ ಕಾಣಿಸಿತು ಅನ್ನುವ ಲೆಕ್ಕವನ್ನೂ ಕೇಳಿ.

ಪ್ರಶ್ನೆ: ನಮ್ಮಜ್ಜಿಗೆ ಡಾ. ಮೋದಿಯವರ ಕ್ಯಾಂಪಿನಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. ಊರಿನ ಶಾಲೆಯಲ್ಲೇ ಸಾಲಾಗಿ ಮಲಗಿಸಿ ಮಾಡಿದ್ದರಂತೆ. ಈಗ ಅಂಥ ಕ್ಯಾಂಪೇ ಇಲ್ಲ. ಕಣ್ಣು ನೋಡಿ, ಬಸ್ಸಿಗೆ ಹತ್ತಿಸಿ, ದೂರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಹಳೇ ಪದ್ಧತಿ ಯಾಕೆ ಬಿಟ್ಟರು?
– ಕೃಷಿಕ, ಹರಿಹರ

ಉತ್ತರ: ಡಾ. ಎಂ. ಸಿ. ಮೋದಿಯವರ ಹೆಸರು ಕೇಳಿದರೆ ನಮ್ಮ ಕಡೆ ಹಿರಿಯರು ಈಗಲೂ ಕೈ ಮುಗಿಯುತ್ತಾರೆ. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. ಅಂಥವರು ಇಲ್ಲದಿದ್ದರೆ ಒಂದು ಇಡೀ ತಲೆಮಾರು ಕತ್ತಲಲ್ಲೇ ಕಾಲ ಕಳೆಯುತ್ತಿತ್ತು.

ಆದರೆ ನಿಮ್ಮಜ್ಜಿ ಆಪರೇಷನ್ ನಂತರ ಸೋಡಾಬುಡ್ಡಿ ಕನ್ನಡಕ ಹಾಕುತ್ತಿದ್ದರು, ಅಲ್ವಾ? ಆಗ ಪೊರೆಗಟ್ಟಿದ ಲೆನ್ಸನ್ನು ತೆಗೆದು ಹಾಗೇ ಬಿಡುತ್ತಿದ್ದರು. ಆ ದಪ್ಪ ಗಾಜಿಲ್ಲದೆ ಏನೂ ಕಾಣುತ್ತಿರಲಿಲ್ಲ. ಹಾಕಿಕೊಂಡರೆ ಎಲ್ಲವೂ ಕಾಲು ಭಾಗಕ್ಕೂ ಜಾಸ್ತಿ ದೊಡ್ಡದಾಗಿ ಕಾಣುತ್ತಿತ್ತು, ಮೆಟ್ಟಿಲು ಇಳಿಯಲು ಹೆದರಿಕೆ. ಕನ್ನಡಕ ಕೆಳಗೆ ಬಿದ್ದು ಒಡೆಯಿತೋ, ಇನ್ನೊಂದು ಕ್ಯಾಂಪು ಬರುವವರೆಗೆ ಮತ್ತೆ ಕುರುಡು. ಈಗ ಕಣ್ಣೊಳಗೇ ಲೆನ್ಸ್ ಕೂರಿಸುತ್ತೇವೆ. ಅದಕ್ಕೆ ಒಳ್ಳೆಯ ಮೈಕ್ರೋಸ್ಕೋಪು, ಲೆನ್ಸಿನ ಪವರ್ ಅಳೆಯುವ ಉಪಕರಣ, ಎಲ್ಲಕ್ಕಿಂತ ಹೆಚ್ಚಾಗಿ ಸೋಂಕು ತಗಲದ ಥಿಯೇಟರು ಬೇಕು. ಶಾಲೆಯ ಕೊಠಡಿಯಲ್ಲಿ ಇದು ಆಗದ ಮಾತು. ಆಪರೇಷನ್ ಆದ ಕಣ್ಣಿಗೆ ಒಳಗೆ ಸೋಂಕು ತಗುಲಿದರೆ ಎರಡು ದಿನದಲ್ಲಿ ಕಣ್ಣೇ ಹೋಗಬಹುದು. ಅದಕ್ಕೇ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲೂ ಊರಲ್ಲಿ ಬರೀ ತಪಾಸಣೆ, ಆಪರೇಷನ್ ಆಸ್ಪತ್ರೆಯಲ್ಲೇ.

ಈ ತಪಾಸಣಾ ಕ್ಯಾಂಪಿಗೂ ಒಂದು ಮಿತಿ ಇದೆ. ಮದುರೆ ಸೀಮೆಯಲ್ಲಿ ಕ್ಯಾಂಪು ನಡೆದ ಹಳ್ಳಿಗಳಿಗೆ ಮನೆಮನೆಗೆ ಹೋಗಿ ನೋಡಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕಣ್ಣಿನ ತೊಂದರೆ ಇದ್ದವರಲ್ಲಿ ಕ್ಯಾಂಪಿಗೆ ಬಂದವರು ಶೇ 7ರಷ್ಟು ಮಾತ್ರ! ಉಚಿತ, ಅದೂ ಮನೆ ಬಾಗಿಲಲ್ಲಿ, ಆದರೂ ಬರಲಿಲ್ಲ. ಹೆದರಿಕೆ, ಕೈಯಿಂದ ಆಗುವ ಖರ್ಚು, ಮನೆ ಬಿಟ್ಟು ಹೋಗಲಾಗದ ಜವಾಬ್ದಾರಿ. ಆಪರೇಷನ್ ಉಚಿತವೇ ಇರಬಹುದು, ಜೊತೆಗೆ ಬರುವ ಮಗನ ಕೂಲಿ ಯಾರು ಕೊಡುತ್ತಾರೆ?

ಇದರಿಂದ ಬಂದದ್ದು ದೃಷ್ಟಿ ಕೇಂದ್ರದ ಯೋಚನೆ. ಸಂತೆ ಊರಿನಲ್ಲಿ ಒಂದು ಬಾಡಿಗೆ ಮಳಿಗೆ, ಅಲ್ಲಿ ತರಬೇತಿ ಆದ ಒಬ್ಬ ತಂತ್ರಜ್ಞೆ, ಕಣ್ಣು ನೋಡುವ ಸ್ಲಿಟ್ ಲ್ಯಾಂಪ್, ಒಂದು ಕಂಪ್ಯೂಟರ್. ಜಿಲ್ಲಾ ಕೇಂದ್ರದ ಡಾಕ್ಟರು ವಿಡಿಯೋದಲ್ಲಿ ರೋಗಿಯ ಜೊತೆ ಮಾತಾಡುತ್ತಾರೆ. ಅರವಿಂದದವರು 2004ರಲ್ಲಿ ಇದನ್ನು ಶುರು ಮಾಡಿದರು. ಆಗ ಹಳ್ಳಿಯಲ್ಲಿ ಇಂಟರ್ನೆಟ್ ಎಲ್ಲಿತ್ತು? ತೇನಿ ಜಿಲ್ಲೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಎಂಜಿನಿಯರುಗಳು ಟವರ್ ನಿಲ್ಲಿಸಿ ದೂರಕ್ಕೆ ವೈಫೈ ಎಳೆದುಕೊಟ್ಟರು. ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಲೆಕ್ಕದಲ್ಲಿ 50,000 ಜನಕ್ಕೆ ಇಂಥ ಒಂದು ಕೇಂದ್ರ ಬೇಕು. ಬಂದವರಲ್ಲಿ ಹೆಚ್ಚಿನವರ ಕೆಲಸ ಅಲ್ಲೇ ಮುಗಿಯುತ್ತದೆ. ಬಸ್ಸು ಹತ್ತಬೇಕಾದವರು ಕೆಲವರೇ. ಕ್ಯಾಂಪು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಈ ಮಳಿಗೆ ದಿನಾ ತೆಗೆದಿರುತ್ತದೆ, ನೋಡೋಣ ನೋಡೋಣ ಅಂತ ಮುಂದೂಡಿದವರೂ ಒಂದು ಸಂತೆ ದಿನ ಬಂದೇ ಬರುತ್ತಾರೆ.

ಪ್ರಶ್ನೆ: ಮಗಳು ಕಣ್ಣಿನ ಪಿಜಿ ಮುಗಿಸುತ್ತಿದ್ದಾಳೆ. ಆಫ್ರಿಕಾದ ಯಾವುದಾದರೂ ದೇಶಕ್ಕೆ ಹೋಗಿ ಎರಡು ವಾರ ಉಚಿತ ಆಪರೇಷನ್ ಮಾಡಿ ಬರ್ತೀನಿ ಅಂತಾಳೆ. ನನಗೂ ಹೆಮ್ಮೆ. ಯಾವ ಸಂಸ್ಥೆಯ ಮೂಲಕ ಕಳಿಸಲಿ?
– ನಿವೃತ್ತ ಶಿಕ್ಷಕಿ, ಗದಗ

ಉತ್ತರ: ಟೀಚರ್, ಮಗಳ ಮನಸ್ಸು ದೊಡ್ಡದು. ಆದರೆ ಈಗಲೇ ಕಳಿಸಬೇಡಿ. ಪಿಜಿ ಮುಗಿಸಿದ ಕೂಡಲೇ ಯಾರ ಕೈಯೂ ಪಳಗಿರುವುದಿಲ್ಲ, ನನ್ನದೂ ಪಳಗಿರಲಿಲ್ಲ. ದೂರದ ಬಡವರ ಕಣ್ಣು ಕೈ ಪಳಗಿಸಿಕೊಳ್ಳುವ ಜಾಗ ಆಗಬಾರದು. ಇನ್ನೊಂದು ಮಾತು: ಅವಳು ವಿಮಾನ ಹತ್ತಿದ ಮೂರನೇ ದಿನ ರೋಗಿಯ ಕಣ್ಣು ಕೆಂಪಾದರೆ ನೋಡುವವರು ಯಾರು? ಕೆಲವರಿಗೆ ತಿಂಗಳು, ವರ್ಷದ ಮೇಲೆ ಲೆನ್ಸಿನ ಹಿಂದಿನ ಪದರ ಮಂಜಾಗುತ್ತದೆ, ಲೇಸರ್ ಬೇಕು. ಊರಲ್ಲೇ ಇರುವವರು ಬೇಕಲ್ಲ?

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ನೇತ್ರವೈದ್ಯ ಫ್ರೆಡ್ ಹಾಲೋಸ್. ಹುಟ್ಟಿದ್ದು ನ್ಯೂಜಿಲೆಂಡ್, ಕೆಲಸ ಆಸ್ಟ್ರೇಲಿಯಾದಲ್ಲಿ. ಅವರಿಗೆ ಕ್ಯಾನ್ಸರ್ ಆಗಿದ್ದಾಗಲೇ, 1992ರಲ್ಲಿ, ಸಿಡ್ನಿಯ ಅವರ ಮನೆಯಲ್ಲಿ ಅವರ ಹೆಸರಿನ ಫೌಂಡೇಶನ್ ಹುಟ್ಟಿತು. ಮಾರನೇ ವರ್ಷ ಅವರು ತೀರಿಕೊಂಡರು. ಆ ಸಂಸ್ಥೆ ಮಾಡಿದ ಮೊದಲ ದೊಡ್ಡ ಕೆಲಸ ಆಫ್ರಿಕಾದ ಎರಿಟ್ರಿಯಾ ಮತ್ತು ನೇಪಾಳದಲ್ಲಿ ಲೆನ್ಸ್ ಫ್ಯಾಕ್ಟರಿ ಕಟ್ಟಿದ್ದು. ನೇಪಾಳದಲ್ಲಿ ಅವರ ಗೆಳೆಯ ಡಾ. ಸಂದುಕ್ ರುಯಿತ್ ಇದ್ದರು. ಹಿಮಾಲಯದ ಮೂಲೆಯ ಹಳ್ಳಿಯವರು, ಕಣ್ಣಿನ ಪಿಜಿ ಓದಿದ್ದು ದೆಹಲಿಯ ಏಮ್ಸ್‌ನಲ್ಲಿ. 1994ರಲ್ಲಿ ಕಠ್ಮಂಡುವಿನಲ್ಲಿ ತಿಲಗಂಗಾ ಆಸ್ಪತ್ರೆ ತೆರೆದರು. ಪಕ್ಕದಲ್ಲೇ ಲೆನ್ಸ್ ತಯಾರಿಕೆ.

ರುಯಿತ್ ಮತ್ತಿತರರು ರೂಢಿಗೆ ತಂದ ಆಪರೇಷನ್‌ಗೆ ಅಲ್ಟ್ರಾಸೌಂಡಿನಿಂದ ಪೊರೆ ಪುಡಿ ಮಾಡುವ, ಲಕ್ಷಾಂತರ ರೂಪಾಯಿಯ ಫೇಕೋ ಮೆಷಿನ್ ಬೇಡ. ಕಣ್ಣಿನ ಬಿಳಿಭಾಗದಲ್ಲಿ ಓರೆಯಾಗಿ ಒಂದು ಸಣ್ಣ ಸುರಂಗ ಮಾಡಿ ಪೊರೆ ಹೊರಗೆ ತಂದು ಲೆನ್ಸ್ ಕೂರಿಸುತ್ತಾರೆ. ಸುರಂಗ ತಾನಾಗೇ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಇಲ್ಲ. ಬಿಹಾರ ಗಡಿಯ ಹತ್ತಿರ, ನೇಪಾಳದ ಲಹಾನ್‌ನಲ್ಲಿ ಡಾ. ಆಲ್ಬ್ರೆಕ್ಟ್ ಹೆನ್ನಿಗ್ ಪೊರೆ ಎಳೆಯಲು ಬಳಸಿದ್ದು ತುದಿ ಬಗ್ಗಿಸಿದ ಇಂಜೆಕ್ಷನ್ ಸೂಜಿ. ಅಷ್ಟೇ! ಫೇಕೋಗೂ ಇದಕ್ಕೂ ಹೋಲಿಸಿ ನೇಪಾಳದಲ್ಲಿ ಮಾಡಿದ ಅಧ್ಯಯನ 2007ರಲ್ಲಿ ಬಂತು. ಆರು ತಿಂಗಳ ಮೇಲೆ ಎರಡೂ ಗುಂಪಿನ ದೃಷ್ಟಿ ಹೆಚ್ಚುಕಡಿಮೆ ಒಂದೇ. ಲಹಾನ್ ಆಸ್ಪತ್ರೆಗೆ ಈಗ ಬರುವವರಲ್ಲಿ ಜಾಸ್ತಿ ಮಂದಿ ಗಡಿ ದಾಟಿ ಬರುವ ನಮ್ಮವರೇ. ಅವರು ಕೊಡುವ ಫೀಸು ಆಸ್ಪತ್ರೆ ನಡೆಯಲು ಆಸರೆ. ಬಡ ದೇಶಕ್ಕೆ ನಾವು ನೆರವು ಕೊಡುತ್ತೇವೆ ಅಂತ ಅಂದುಕೊಂಡಿರುತ್ತೇವೆ, ಅಲ್ಲಿ ನೋಡಿದರೆ ಹೀಗೆ.

ನಿಮ್ಮ ಮಗಳು ಮೊದಲು ಈ ಹೊಲಿಗೆ ಇಲ್ಲದ ಆಪರೇಷನ್ ಚೆನ್ನಾಗಿ ಕಲಿಯಲಿ. ಕೆಲವು ವರ್ಷ ಇಲ್ಲೇ ಹಳ್ಳಿಯವರ ಕಣ್ಣು ನೋಡಲಿ. 10 ಲಕ್ಷ ಜನಕ್ಕೆ ಒಬ್ಬ ಕಣ್ಣಿನ ಡಾಕ್ಟರೂ ಇಲ್ಲದ ದೇಶಗಳು ಆಫ್ರಿಕಾದಲ್ಲಿವೆ. ಮಲಾವಿಯಂಥ ಕಡೆ ಎಂಬಿಬಿಎಸ್ ಓದದ ಕ್ಲಿನಿಕಲ್ ಆಫೀಸರುಗಳೇ ತರಬೇತಿ ಪಡೆದು ಪೊರೆ ತೆಗೆಯುತ್ತಾರೆ. ಅವಳು ಅಂಥವರಿಗೆ ಕಲಿಸಲು ಹೋಗಲಿ, ಪ್ರತಿ ಸಲ ಅದೇ ಆಸ್ಪತ್ರೆಗೆ ಹೋಗಲಿ. ಸಾಧ್ಯವಾದರೆ ಮೆಷಿನ್ ರಿಪೇರಿ ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಲಿ. ದಾನ ಬಂದ ಮೈಕ್ರೋಸ್ಕೋಪು ಒಂದು ಬಲ್ಬು ಸಿಗದೆ ಮೂಲೆ ಸೇರುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ.

ಪ್ರಶ್ನೆ: ನಮ್ಮ ಕಾಫಿ ತೋಟದ ಕೆಲಸದವರಿಗೆ ಹಳೇ ಕನ್ನಡಕ ಸಂಗ್ರಹಿಸಿ ಹಂಚಿದರೆ ಹೇಗೆ?
– ಬೆಳೆಗಾರರು, ಸೋಮವಾರಪೇಟೆ

ಉತ್ತರ: ಕನ್ನಡಕ ಕೊಡಿ, ಹಳೇದು ಬೇಡ. ಒಬ್ಬರ ಪವರ್ ಇನ್ನೊಬ್ಬರಿಗೆ ಹೊಂದುವುದು ಅಪರೂಪ. ಆರಿಸಿ, ತೊಳೆದು, ಅಳೆಯುವ ಖರ್ಚಿನಲ್ಲಿ ಹೊಸದೇ ಬರುತ್ತದೆ. ನಲವತ್ತು ದಾಟಿದವರಿಗೆ ಹತ್ತಿರದ್ದು ಕಾಣಲು ಬೇಕಾದ ಸಾದಾ ಕನ್ನಡಕ ಅಗ್ಗ. ಅದೂ ಸಿಗದವರು ಜಗತ್ತಿನಲ್ಲಿ 80 ಕೋಟಿಗೂ ಹೆಚ್ಚು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ.

ನಿಮಗೆ ಆಸಕ್ತಿ ಹುಟ್ಟಿಸುವ ಒಂದು ಲೆಕ್ಕ ಇದೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಸುಮಾರು 750 ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಕೊನೆಯಲ್ಲಿ. ಕನ್ನಡಕ ಇದ್ದವರು ದಿನಕ್ಕೆ ಕೀಳುವ ಎಲೆ ಶೇ 39ರಷ್ಟು ಏರಿತು, ಇಲ್ಲದವರದು ಶೇ 18ರಷ್ಟು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಎರಡೆಲೆ ಒಂದು ಮೊಗ್ಗು ಹುಡುಕುವ ಕೆಲಸಕ್ಕೆ ಇಷ್ಟು ವ್ಯತ್ಯಾಸ ಆದರೆ, ಕೆಂಪು ಹಣ್ಣು ಆರಿಸುವುದಕ್ಕೂ ಆಗಬಹುದು ಅಂತ ನನ್ನ ಊಹೆ. ಹಂಚುವ ದಿನ ತಪಾಸಣೆಗೂ ಯಾರನ್ನಾದರೂ ಕರೆಸಿ. ಬರೀ ಕನ್ನಡಕ ಕೊಟ್ಟು ಕಳಿಸಿದರೆ, ಸದ್ದಿಲ್ಲದೆ ಕಣ್ಣಿನ ನರ ಹಾಳು ಮಾಡುವ ಗ್ಲಾಕೊಮಾ ಇದ್ದವರು ತಪ್ಪಿಹೋಗುತ್ತಾರೆ.

ಪ್ರಶ್ನೆ: ಮಾವನವರಿಗೆ ಪೊರೆ ಇದೆ. ಪೂರ್ತಿ ಬಲಿಯಲಿ, ಆಮೇಲೆ ಮಾಡಿಸೋಣ ಅಂತಾರೆ. ಕಾಯಬೇಕಾ?
– ಗೃಹಿಣಿ, ಸಿಂಧನೂರು

ಉತ್ತರ: ಬೇಡ. ಅದು ಕಣ್ಣೊಳಗೆ ಲೆನ್ಸ್ ಹಾಕದ ಕಾಲದ ಮಾತು. ಈಗ ದಿನದ ಕೆಲಸಕ್ಕೆ ಅಡ್ಡಿ ಆಗುತ್ತಿದೆ ಅಂದರೆ ಮಾಡಿಸಬಹುದು. ತೀರಾ ಬಲಿತರೆ ಆಪರೇಷನ್ನೇ ಕಷ್ಟ, ಕೆಲವರಿಗೆ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟಾಗುತ್ತದೆ. ಆ ನೋಟ ಮತ್ತೆ ಬರುವುದಿಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮಾವನವರಿಗೆ ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿಗೆ ಡ್ರಾಪ್ಸ್ ಹಾಕಿ ಹಿಂದಿನ ಪರದೆಯನ್ನೂ ನೋಡಲು ಹೇಳಿ. ಆ ಡ್ರಾಪ್ಸ್‌ಗೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಒಬ್ಬರನ್ನೇ ಕಳಿಸಬೇಡಿ.