ಮೈಸೂರಿನಲ್ಲಿ ಜೆಇಇ ಮೇನ್: ಸೆಂಟರ್ ಒಳಗೆ ಏನೇನು ನಡೆಯುತ್ತದೆ?

ನಮಸ್ಕಾರ ಸರ್. ನಿಮ್ಮ ಮಗಳು ಕೆ.ಆರ್. ಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ಅನ್ನು ಮೊದಲ ಸಲ ಬರೆಯುತ್ತಿದ್ದಾಳೆ, ಸೆಂಟರ್ ಮೈಸೂರಿಗೆ ಬಿದ್ದಿದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಒಳಗೆ ಹೋದ ಮೇಲೆ ಏನಾಗುತ್ತದೆ ಅಂತ ಕೇಳಿದ್ದೀರಿ. ನಾನು ಮಂಡ್ಯದವನು. 2025ರಲ್ಲಿ ಜನವರಿಗೊಂದು ಸಲ, ಏಪ್ರಿಲ್‌ಗೊಂದು ಸಲ, ಎರಡೂ ಸಲ ಮೈಸೂರಿನಲ್ಲೇ ಬರೆದೆ. ನಮ್ಮ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ನನಗೆ ಆಗ ಯಾರೂ ಹೇಳದೇ ಇದ್ದದ್ದನ್ನು ಬರೆಯುತ್ತೇನೆ, ತಂಗಿಗೇ ಓದಲು ಕೊಡಿ.

ಟೈಪಿಂಗ್ ಬರುವುದಿಲ್ಲ ಅನ್ನುವ ಚಿಂತೆ ಬಿಟ್ಟುಬಿಡಿ. ಕೀಬೋರ್ಡ್ ಮುಟ್ಟುವ ಹಾಗೇ ಇಲ್ಲ, ಎಲ್ಲಾ ಕೆಲಸ ಮೌಸ್‌ನಲ್ಲೇ. ಆದರೆ ಆ ಮೌಸ್ ಮತ್ತು ಪರದೆಯ ಮೇಲಿನ ನಾಲ್ಕೈದು ಬಟನ್‌ಗಳು ಮೊದಲೇ ಕೈಗೆ ಕೂತಿರಬೇಕು. ಉತ್ತರ ಗೊತ್ತಿದ್ದೂ ಮಾರ್ಕ್ಸ್ ಕಳೆದುಕೊಳ್ಳುವುದು ಅಲ್ಲೇ. ನಾನು ಕಳೆದುಕೊಂಡದ್ದೂ ಅಲ್ಲೇ.

ಮೊದಲು ಗೇಟಿನ ವಿಷಯ. ಬೆಳಗಿನ ಶಿಫ್ಟ್ 9ರಿಂದ 12, ಮಧ್ಯಾಹ್ನದ್ದು 3ರಿಂದ 6. ಪರೀಕ್ಷೆ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಗೇಟ್ ಹಾಕುತ್ತಾರೆ. ಅಂದರೆ ಬೆಳಗಿನ ಶಿಫ್ಟ್‌ಗೆ 8.30. ಒಂದು ನಿಮಿಷ ತಡವಾದರೂ ಬಿಡುವುದಿಲ್ಲ. ಯಾವಾಗ ಬಂದು ನಿಲ್ಲಬೇಕು ಅಂತ ಅಡ್ಮಿಟ್ ಕಾರ್ಡ್‌ನಲ್ಲೇ ಇರುತ್ತದೆ, ಅದಕ್ಕೂ ಸ್ವಲ್ಪ ಮುಂಚೆಯೇ ಹೋಗಿ. ಗೇಟಿನಲ್ಲಿ ಅಡ್ಮಿಟ್ ಕಾರ್ಡ್ ಮತ್ತು ಒರಿಜಿನಲ್ ಆಧಾರ್ ನೋಡುತ್ತಾರೆ. ಮೊಬೈಲ್‌ನಲ್ಲಿರುವ ಆಧಾರ್ ಫೋಟೋ, ಜೆರಾಕ್ಸ್ ನಡೆಯುವುದಿಲ್ಲ. ಅಡ್ಮಿಟ್ ಕಾರ್ಡ್ ಜೊತೆ ಬರುವ ಸೆಲ್ಫ್ ಡಿಕ್ಲರೇಶನ್ ಹಾಳೆಯಲ್ಲಿ ಫೋಟೋ ಅಂಟಿಸಿ, ಎಡಗೈ ಹೆಬ್ಬೆಟ್ಟು ಒತ್ತಿ ತರಬೇಕು. ಸಹಿ ಮಾತ್ರ ಮನೆಯಲ್ಲಿ ಹಾಕಬೇಡಿ, ಅದನ್ನು ಇನ್ವಿಜಿಲೇಟರ್ ಎದುರಿಗೇ ಹಾಕಬೇಕು. ನಾನು ಹೋದ ದಿನ ನನ್ನ ಮುಂದಿದ್ದ ಹುಡುಗ ಮೊದಲೇ ಸಹಿ ಹಾಕಿ ತಂದಿದ್ದ. ಪಾಪ, ಅವನ ಕೈ ನಡುಗುತ್ತಿತ್ತು. ಅಲ್ಲಿದ್ದ ಮೇಡಂ ಇನ್ನೊಂದು ಸಹಿ ಮಾಡಿಸಿಕೊಂಡು ಒಳಗೆ ಬಿಟ್ಟರು. ಆದರೆ ಆ ಹೊತ್ತಿಗೆ ಆ ಗಾಬರಿ ಬೇಕಾ, ಹೇಳಿ?

ಆಮೇಲೆ ಮೆಟಲ್ ಡಿಟೆಕ್ಟರ್‌ನಲ್ಲಿ ತಪಾಸಣೆ, ಬಯೋಮೆಟ್ರಿಕ್, ಫೋಟೋ. ಹುಡುಗಿಯರನ್ನು ಪರದೆ ಕಟ್ಟಿದ ಜಾಗದಲ್ಲಿ ಹೆಂಗಸರೇ ನೋಡುತ್ತಾರೆ. ವಾಚ್, ಓಲೆ, ಗೆಜ್ಜೆ, ಬೆಲ್ಟ್, ದಪ್ಪ ಅಟ್ಟೆಯ ಶೂ ಎಲ್ಲಾ ಮನೆಯಲ್ಲೇ ಬಿಟ್ಟು ಬಂದರೆ ನೆಮ್ಮದಿ. ಸಾದಾ ಚಪ್ಪಲಿ ಸಾಕು. ಒಳಗೆ ಹಿಡಿದುಕೊಂಡು ಹೋಗಬೇಕಾದದ್ದು ಇಷ್ಟೇ: ಸೆಲ್ಫ್ ಡಿಕ್ಲರೇಶನ್ ಹಾಳೆ ಸಮೇತ ಅಡ್ಮಿಟ್ ಕಾರ್ಡ್, ಆಧಾರ್, ಇನ್ನೊಂದು ಪಾಸ್‌ಪೋರ್ಟ್ ಸೈಜ್ ಫೋಟೋ, ಒಳಗಿರುವುದು ಕಾಣುವಂಥ ಬಾಲ್ ಪೆನ್ನು, ಅಂಥದ್ದೇ ನೀರಿನ ಬಾಟಲಿ. ರಫ್ ಹಾಳೆ ಅವರೇ ಕೊಡುತ್ತಾರೆ.

ಸೀಟಿನಲ್ಲಿ ಕೂತ ಮೇಲೆ ಪರದೆಯಲ್ಲಿ ತನ್ನದೇ ಹೆಸರು, ಫೋಟೋ ಇದೆಯಾ ನೋಡಿಕೊಳ್ಳಬೇಕು. ಪರೀಕ್ಷೆ ಶುರುವಾಗುವ ಮುಂಚೆ ಸೂಚನೆಗಳನ್ನು ಓದಲು ಸಮಯ ಸಿಗುತ್ತದೆ. ಆಗಲೇ ಮೌಸ್ ಅಲುಗಾಡಿಸಿ ನೋಡಲಿ. ಜನವರಿಯಲ್ಲಿ ನನಗೆ ಸಿಕ್ಕ ಮೌಸ್‌ನಲ್ಲಿ ಎರಡು ಸಲ ಒತ್ತಿದರೆ ಒಂದು ಸಲ ಕ್ಲಿಕ್ ಆಗುತ್ತಿತ್ತು. ಕೇಳಿದ ತಕ್ಷಣ ಬದಲಾಯಿಸಿ ಕೊಟ್ಟರು.

ಪ್ರಶ್ನೆಗಳು ಒಟ್ಟು 75. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 25. ಯಾವುದರಿಂದ ಬೇಕಾದರೂ ಶುರು ಮಾಡಬಹುದು, ಮಧ್ಯೆ ಹೋಗಿ ಬರಬಹುದು. ಪರದೆಯ ಮೇಲೆ ಬಲಗಡೆ ಉಳಿದ ಸಮಯ ಓಡುತ್ತಿರುತ್ತದೆ. ಅದರ ಕೆಳಗೆ ಪ್ರಶ್ನೆಗಳ ನಂಬರ್ ಸಾಲಾಗಿ ಇರುತ್ತವೆ. ಉತ್ತರ ಕೊಟ್ಟಿದ್ದು ಹಸಿರು, ನೋಡಿ ಬಿಟ್ಟಿದ್ದು ಕೆಂಪು, ಆಮೇಲೆ ನೋಡೋಣ ಅಂತ ಗುರುತು ಹಾಕಿದ್ದು ನೇರಳೆ.

ಇಲ್ಲೇ ನಾನು ಎಡವಿದ್ದು. ಉತ್ತರ ಆರಿಸಿದ ಮೇಲೆ ಕೆಳಗಿರುವ 'ಸೇವ್ ಆಂಡ್ ನೆಕ್ಸ್ಟ್' ಒತ್ತಬೇಕು. ಒತ್ತದೆ ನೇರವಾಗಿ ಬಲಗಡೆಯ ಇನ್ನೊಂದು ನಂಬರ್ ಮೇಲೆ ಕ್ಲಿಕ್ ಮಾಡಿದರೆ, ಆರಿಸಿದ ಉತ್ತರ ಸೇವ್ ಆಗುವುದೇ ಇಲ್ಲ. ಕೆಮಿಸ್ಟ್ರಿ ನನಗೆ ಸಲೀಸು. ಅದರಲ್ಲಿ ಸುಲಭದ್ದನ್ನು ಹುಡುಕಿ ಹುಡುಕಿ, ಉತ್ತರ ಒತ್ತಿ, ನಂಬರ್‌ನಿಂದ ನಂಬರ್‌ಗೆ ಹಾರುತ್ತಾ ಹೋದೆ. ಕೆಲವು ದಿನ ಆದ ಮೇಲೆ ವೆಬ್‌ಸೈಟ್‌ನಲ್ಲಿ ನಮ್ಮ ರೆಸ್ಪಾನ್ಸ್ ಶೀಟ್ (ನಾವು ಕೊಟ್ಟ ಉತ್ತರಗಳ ಪಟ್ಟಿ), ಕೀ ಆನ್ಸರ್ ಹಾಕುತ್ತಾರೆ. ತೆಗೆದು ನೋಡಿದರೆ, ನನಗೆ ಪಕ್ಕಾ ಗೊತ್ತಿದ್ದ ಮೂರು ಪ್ರಶ್ನೆಗಳ ಮುಂದೆ 'ನಾಟ್ ಆನ್ಸರ್ಡ್' ಅಂತಿತ್ತು. ಒಂದಕ್ಕೆ 4ರಂತೆ 12 ಮಾರ್ಕ್ಸ್. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಏಪ್ರಿಲ್‌ನಲ್ಲಿ ಪ್ರತಿ ಸಲ ಸೇವ್ ಒತ್ತಿ, ಆ ನಂಬರ್ ಹಸಿರಾಯಿತಾ ಅಂತ ಕಣ್ಣು ಹಾಯಿಸಿಯೇ ಮುಂದೆ ಹೋದೆ. ತಂಗಿಗೆ ಇದೊಂದನ್ನು ಹತ್ತು ಸಲ ಹೇಳಿ.

ನೇರಳೆಯ ಬಗ್ಗೆಯೂ ಗೊಂದಲ ಜಾಸ್ತಿ. ಉತ್ತರ ಸೇವ್ ಮಾಡಿ ಗುರುತು ಹಾಕಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಉತ್ತರ ಇಲ್ಲದೆ ಬರೀ ಗುರುತು ಹಾಕಿದ್ದರೆ ಮಾರ್ಕ್ಸ್ ಇಲ್ಲ. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಓಎಂಆರ್ ಉತ್ತರ ಹಾಳೆಯ ವೃತ್ತವನ್ನು ಪೆನ್ನಿನಿಂದ ಒಂದು ಸಲ ತುಂಬಿದರೆ ಮುಗಿಯಿತು, ಅಲ್ವಾ? ಇಲ್ಲಿ ಕೊನೇ ನಿಮಿಷದವರೆಗೂ ಉತ್ತರ ಬದಲಾಯಿಸಬಹುದು, ಅಳಿಸಬಹುದು. ತಪ್ಪಾದರೆ 1 ಮಾರ್ಕ್ ಹೋಗುವುದರಿಂದ ಅಳಿಸುವುದನ್ನೂ ಕಲಿತಿರಬೇಕು.

ಪ್ರತಿ ವಿಷಯದಲ್ಲೂ ಕೊನೆಯ 5 ಪ್ರಶ್ನೆಗೆ ಆಯ್ಕೆ ಇರುವುದಿಲ್ಲ, ಸಂಖ್ಯೆಯನ್ನೇ ಉತ್ತರವಾಗಿ ಕೊಡಬೇಕು. ಪರದೆಯ ಮೇಲೆ ಫೋನಿನ ಡಯಲ್ ಪ್ಯಾಡ್ ಥರ ಅಂಕಿಗಳು ಬರುತ್ತವೆ. 144 ಅಂದರೆ ಮೌಸ್‌ನಲ್ಲಿ 1, 4, 4 ಅಂತ ಒಂದೊಂದೇ ಒತ್ತಬೇಕು. ಕೈ ಓಡಿ 4 ಮೂರು ಸಲ ಬಿದ್ದರೆ 1444 ಆಗಿರುತ್ತದೆ. ಸೇವ್ ಮಾಡುವ ಮುಂಚೆ ಬಾಕ್ಸ್‌ನಲ್ಲಿ ಏನಿದೆ ಅಂತ ಓದಿಕೊಳ್ಳಲಿ. ಇದರಲ್ಲೂ ತಪ್ಪಾದರೆ 1 ಮಾರ್ಕ್ ಹೋಗುತ್ತದೆ. ಕ್ಯಾಲ್ಕ್ಯುಲೇಟರ್ ಇಲ್ಲ, ಲೆಕ್ಕವೆಲ್ಲ ಕೈಯಲ್ಲೇ.

ರಫ್ ಹಾಳೆಯಲ್ಲಿ ಲೆಕ್ಕ ಮಾಡುವಾಗ ಪಕ್ಕದಲ್ಲಿ ಪ್ರಶ್ನೆ ನಂಬರ್ ಬರೆದು ಗೆರೆ ಎಳೆದುಕೊಳ್ಳಲಿ. ಪ್ರಶ್ನೆ ಪರದೆಯಲ್ಲಿ, ಲೆಕ್ಕ ಹಾಳೆಯಲ್ಲಿ. ವಾಪಸ್ ಬಂದಾಗ ಯಾವುದು ಯಾವುದರದ್ದು ಅಂತ ಹುಡುಕುತ್ತಾ ಕೂತರೆ ಸಮಯ ಸುಮ್ನೆ ಹೋಗುತ್ತದೆ. ಹಾಳೆಯ ಮೇಲೆ ಹೆಸರು, ರೋಲ್ ನಂಬರ್ ಬರೆದು, ಹೊರಡುವಾಗ ಅಲ್ಲೇ ಡಬ್ಬಕ್ಕೆ ಹಾಕಿ ಬರಬೇಕು. ಬೇಗ ಮುಗಿದರೂ ಪರೀಕ್ಷೆಯ ಪೂರ್ತಿ ಮೂರು ಗಂಟೆ ಕಳೆಯುವವರೆಗೆ ಎದ್ದು ಬರುವ ಹಾಗಿಲ್ಲ.

ಮಧ್ಯೆ ಕಂಪ್ಯೂಟರ್ ನಿಂತುಹೋದರೆ? ನನಗೆ ಏಪ್ರಿಲ್‌ನಲ್ಲಿ ಆಯಿತು. ಪರದೆ ಕಪ್ಪಾಯಿತು, ಎದೆ ಧಸಕ್ ಅಂತು. ಕೈ ಎತ್ತಿದೆ. ಪಕ್ಕದ ಸಾಲಿನಲ್ಲಿ ಬೇರೆ ಕಂಪ್ಯೂಟರ್ ಕೊಟ್ಟರು. ನೋಡಿದರೆ ಆವರೆಗಿನ ಉತ್ತರಗಳೆಲ್ಲ ಹಾಗೇ ಇದ್ದವು, ಸಮಯವೂ ನಿಂತ ಕಡೆಯಿಂದಲೇ ಶುರುವಾಯಿತು. ಕಳೆದ ಸಮಯವನ್ನು ಸೇರಿಸಿ ಪೂರ್ತಿ ಮೂರು ಗಂಟೆ ಕೊಡಬೇಕು ಅಂತ ನಿಯಮವೇ ಇದೆ. ಅಳುತ್ತಾ ಕೂರುವ ಬದಲು ಕೈ ಎತ್ತಿದರೆ ಸಾಕು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂತ ಬರೆದಿದ್ದೀರಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಜೊತೆಗೆ ಇಂಗ್ಲಿಷ್ ಕೂಡ ಕಾಣುತ್ತದೆ. ಅರ್ಜಿ ಹಾಕುವಾಗಲೇ ಆರಿಸಬೇಕು, ಸೆಂಟರ್‌ನಲ್ಲಿ ಬದಲಾಯಿಸಲು ಆಗುವುದಿಲ್ಲ. ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷ್‌ನಲ್ಲಿರುವುದೇ ಅಂತಿಮ. ಪಿಯುಸಿ ಎರಡು ವರ್ಷ ಮೊಮೆಂಟಮ್, ಆಕ್ಸಿಲರೇಶನ್ ಅಂತ ಓದಿದವಳಿಗೆ ಸಂವೇಗ, ವೇಗೋತ್ಕರ್ಷ ಅಂತ ಕಂಡರೆ ಒಂದು ಕ್ಷಣ ತಡೆಯಬಹುದು. ಆದರೂ ಉದ್ದುದ್ದ ವಾಕ್ಯ ಅರ್ಥವಾಗದಿದ್ದಾಗ ಕನ್ನಡ ಕೈ ಹಿಡಿಯುತ್ತದೆ. ನಾನಾದರೆ ಕನ್ನಡವನ್ನೇ ಆರಿಸುತ್ತಿದ್ದೆ, ಎರಡೂ ಕಣ್ಣ ಮುಂದೆ ಇರುತ್ತದಲ್ಲ.

ಅಭ್ಯಾಸಕ್ಕೆ, ಈ ಪರೀಕ್ಷೆ ನಡೆಸುವ ಎನ್‌ಟಿಎ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ಪುಕ್ಕಟೆ ಇದೆ, ಪರದೆ ಪರೀಕ್ಷೆಯ ಥರವೇ ಇರುತ್ತದೆ. ಮೊಬೈಲ್‌ನಲ್ಲಿ ಮಾಡಿದರೆ ಪ್ರಯೋಜನ ಇಲ್ಲ, ಬೆರಳಿಗೆ ಅಭ್ಯಾಸ ಆಗುತ್ತದೆ ಹೊರತು ಮೌಸ್‌ಗಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿ. ಆಗದಿದ್ದರೆ ಸೈಬರ್ ಸೆಂಟರ್. ನಾನು ಮಂಡ್ಯದ ಒಂದು ಸೈಬರ್‌ನಲ್ಲಿ ನಾಲ್ಕು ಭಾನುವಾರ ಮೂರು ಮೂರು ಗಂಟೆ ಕೂತೆ. ಎರಡನೇ ಭಾನುವಾರಕ್ಕೇ ಮೌಸ್ ಮರೆತೇಹೋಯಿತು, ಪ್ರಶ್ನೆ ಮಾತ್ರ ಕಾಣತೊಡಗಿತು.

ಇನ್ನು ಪ್ರಯಾಣ. ಬೆಳಗಿನ ಶಿಫ್ಟ್ ಆದರೆ ದಯವಿಟ್ಟು ಹಿಂದಿನ ದಿನವೇ ಮೈಸೂರಿಗೆ ಬಂದು ನೆಂಟರ ಮನೆಯಲ್ಲೋ ಲಾಡ್ಜ್‌ನಲ್ಲೋ ಇರಿ. ಜನವರಿಯ ಬೆಳಗಿನ ಮಂಜು, ದಾರಿಯಲ್ಲಿ ಕಬ್ಬಿನ ಟ್ರಾಕ್ಟರ್, ಯಾವುದನ್ನೂ ನಂಬಿ ಹೊರಡಲು ಆಗುವುದಿಲ್ಲ. ಸಬರ್ಬನ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದ ಮೇಲೂ ಸೆಂಟರ್ ಊರಾಚೆ ಇರಬಹುದು, ನನ್ನದು ಎರಡು ಸಲವೂ ರಿಂಗ್ ರೋಡ್ ಕಡೆ ಇತ್ತು. ಹಿಂದಿನ ಸಂಜೆ ಒಂದು ಸಲ ಹೋಗಿ ಗೇಟ್ ನೋಡಿಕೊಂಡು ಬನ್ನಿ.

ನಿಮ್ಮನ್ನು ಗೇಟಿನ ಆಚೆ ಬಿಡುವುದಿಲ್ಲ, ಅವಳ ಫೋನೂ ನಿಮ್ಮ ಹತ್ತಿರವೇ ಇರುತ್ತದೆ. ಪರೀಕ್ಷೆ ಮುಗಿದಾಗ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ. ನಮ್ಮಪ್ಪ ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನಲ್ಲೇ ಕೂತಿರುತ್ತೇನೆ ಅಂತ ಹೇಳಿ, ಮೂರು ಗಂಟೆಯೂ ಅಲ್ಲಿಂದ ಕದಲಿರಲಿಲ್ಲ. ನೀವೂ ಒಂದು ಜಾಗ ಗೊತ್ತು ಮಾಡಿ, ಒಳಗೆ ಕಳಿಸುವ ಮುಂಚೆಯೇ ಅವಳಿಗೆ ತೋರಿಸಿಬಿಡಿ.